ನಾಲ್ಕು ನಿನ್ನವು, ಒಂದು ನನ್ನದು

ಗುಂಡು ಹಾರಿಸುವುದು, ಆಮೇಲೆ ಅದು ಮಾಡಿದ ತೂತನ್ನು ಅಳೆಯುವುದು. ಇಪ್ಪತ್ತಾರು ವರ್ಷ ನನಗೆ ಸಂಬಳ ಕೊಟ್ಟದ್ದು ಇದಕ್ಕೇ.

ಮೊನ್ನೆ ಬರ್ಮಿಂಗ್‌ಹ್ಯಾಮ್ ಪಕ್ಕದ ಸೊಲಿಹಲ್‌ನಲ್ಲಿ ನಮ್ಮ ಕನ್ನಡದವರು ಸೇರಿದ್ದಾಗ ಮೇಘನಾ ಸಿಕ್ಕಳು. ಬೆಂಗಳೂರಿನ ಹುಡುಗಿ. ಇಲ್ಲೇ ಓದು ಮುಗಿಸಿ ಲೆಮಿಂಗ್ಟನ್ ಸ್ಪಾದ ಒಂದು ಕಂಪನಿಗೆ ಟೆಸ್ಟ್ ಎಂಜಿನಿಯರ್ ಆಗಿ ಸೇರಿದ್ದಾಳೆ. ಕೈಯಲ್ಲಿ ಬಿಸಿಬೇಳೆಭಾತಿನ ತಟ್ಟೆ, ಮುಖದಲ್ಲಿ ಬೇಸರ.

“ಅಂಕಲ್, ನೀವು ಲೈಫೆಲ್ಲಾ ಟೆಸ್ಟಿಂಗೇ ಮಾಡಿದ್ರಂತೆ. ಬೋರ್ ಆಗ್ಲಿಲ್ವಾ? ಬೇರೆಯವ್ರು ಮಾಡಿದ್ದನ್ನ ನೋಡ್ತಾ ಕೂತಿರೋದು...”

“ಒಂದಿನಾನೂ ಆಗ್ಲಿಲ್ಲಮ್ಮ,” ಅಂದೆ. ನಂಬಲಿಲ್ಲ ಅಂತ ಅವಳ ಮುಖ ನೋಡಿದರೇ ಗೊತ್ತಾಯಿತು. ತಟ್ಟೆ ಹಿಡಿದು ನಿಂತು ಹೇಳಿ ಮುಗಿಸುವ ಮಾತೂ ಅದಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ನಿವೃತ್ತಿಯ ದಿನ ಯಾರು ಏನು ಮಾತಾಡಿದರು, ಅವೆಲ್ಲ ಬೇಡ. ನಾನು ಮಾಡಿದ ಒಂದು ದೊಡ್ಡ ತಪ್ಪು, ಆ ತಪ್ಪಿಗೆ ಸಿಕ್ಕಿಕೊಂಡ ನಾರ್ವೆಯ ಒಬ್ಬ ಹೆಣ್ಣುಮಗಳು, ಇಷ್ಟು ಹೇಳಿದರೆ ಸಾಕು.

ನಾನು ಈ ದೇಶಕ್ಕೆ ಬಂದದ್ದು ಹೆಂಡತಿಯ ಬೆನ್ನು ಹತ್ತಿ. ಗಿರಿಜಾ ಡಾಕ್ಟರು. ಬರ್ಮಿಂಗ್‌ಹ್ಯಾಮಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು, ಧಾರವಾಡದ ನನ್ನ ಡಿಪ್ಲೊಮಾ ಹಿಡಿದುಕೊಂಡು ನಾನೂ ಬಂದೆ. ಕಾರಿನ ಬಿಡಿಭಾಗ ಮಾಡುವ ಕಡೆ ನಾಲ್ಕು ವರ್ಷ ಇದ್ದೆ. ಅದು ಮುಚ್ಚಿತು. ಆಮೇಲೆ ಸಿಕ್ಕಿದ್ದು ಊರಂಚಿನ ಒಂದು ತೋಟಾ ಕಾರ್ಖಾನೆ. ತೋಟಾ ಅಂದರೆ ಬಂದೂಕಿಗೆ ಹಾಕುವುದು. ಬೆರಳ ಗೆಣ್ಣಿನಷ್ಟು ಹಿತ್ತಾಳೆಯ ಕೊಳವೆ, ಒಳಗೆ ಚಿಟಿಕೆ ಮದ್ದು, ತುದಿಗೆ ಮೇಣ ಸವರಿದ ಸೀಸದ ಗುಂಡು.

ಧಾರವಾಡಕ್ಕೆ ಫೋನ್ ಮಾಡಿ ಅವ್ವನಿಗೆ ಹೇಳಿದೆ. ಇರುವೆ ಕಂಡರೆ ಸಕ್ಕರೆ ಹಾಕುವ ಮನೆತನ ನಮ್ಮದು.

“ಗುಂಡು ಮಾಡೂ ಕೆಲಸಾ? ಕೊಳ್ಳಾಗ ಲಿಂಗಾ ಕಟಗೊಂಡು?”

“ಆಟಕ್ಕ ಹೊಡಿಯೂ ಗುಂಡು, ಅವ್ವಾ. ಯಾರಿಗೂ ತಾಗಂಗಿಲ್ಲ.”

“ಮತ್ತ ಎದಕ್ಕ ತಾಗತೈತಿ?”

“ಕಾಗದಕ್ಕ.”

“ಕಾಗದಕ್ಕ ತೂತು ಹಾಕಾಕ ಪಗಾರ ಕೊಡತಾರ?” ಅಂದಳು. ಆಮೇಲೆ ನಕ್ಕಳು. “ಛಲೋ ದೇಶ ಬಿಡಪಾ ಅದು. ಮಾಡು.”

ಕೆಲಸದ ಮರ್ಮ ಇಷ್ಟೇ. ಒಂದೇ ಯಂತ್ರ, ಒಂದೇ ಮದ್ದು, ಒಂದೇ ಸೀಸ. ಆದರೂ ಸೋಮವಾರ ಮಾಡಿದ ತೋಟಾ ಗುರುವಾರದ್ದರ ಹಾಗಿರುವುದಿಲ್ಲ. ಅದಕ್ಕೆ ಒಂದು ಸಲಕ್ಕೆ ಮಾಡಿದ್ದಕ್ಕೆಲ್ಲ ಒಂದು ನಂಬರು ಕೊಟ್ಟು, ಅದನ್ನು ಒಂದು ಲಾಟ್ ಅನ್ನುತ್ತೇವೆ. ಮೋಜಿನ ಸಂಗತಿ ಏನೆಂದರೆ, ಪ್ರತಿಯೊಂದು ಬಂದೂಕಿನ ನಳಿಕೆಗೂ ಅದರದೇ ಇಷ್ಟದ ಲಾಟ್ ಇರುತ್ತದೆ. ಒಬ್ಬರ ನಳಿಕೆಯಲ್ಲಿ ಹತ್ತು ಗುಂಡೂ ಒಂದೇ ತೂತಿನಲ್ಲಿ ಹೋಗುವ ಲಾಟ್, ಪಕ್ಕದವರ ನಳಿಕೆಯಲ್ಲಿ ಜೋಳ ಚೆಲ್ಲಿದ ಹಾಗೆ ಚೆಲ್ಲುತ್ತದೆ. ಯಾಕೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಪೂರ್ತಿ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಅದಕ್ಕೇ ದೊಡ್ಡ ದೊಡ್ಡ ಶೂಟರ್‌ಗಳು ತಮ್ಮ ಬಂದೂಕು ಹೊತ್ತುಕೊಂಡು ನಮ್ಮಲ್ಲಿಗೇ ಬರುತ್ತಿದ್ದರು. ಐವತ್ತು ಮೀಟರ್ ಉದ್ದದ ಸುರಂಗದಂಥ ಕೋಣೆ. ಬಂದೂಕನ್ನು ಕಬ್ಬಿಣದ ಹಿಡಿಗೆ ಬಿಗಿಯುವುದು, ಲಾಟಿಗೆ ಹತ್ತರಂತೆ ಹಾರಿಸುವುದು, ತೂತುಗಳ ಗುಂಪು ಯಾವುದರದು ಚಿಕ್ಕದೋ ಆ ಲಾಟನ್ನು ಅವರು ವರ್ಷಕ್ಕಾಗುವಷ್ಟು ಕೊಳ್ಳುವುದು.

ನನ್ನ ಮೇಲಿನವನು ಕ್ಲೈವ್. ಬರ್ಮಿಂಗ್‌ಹ್ಯಾಮಿನಲ್ಲೇ ಹುಟ್ಟಿ ಬೆಳೆದವನು. ಬಸವರಾಜ ಎಂಬ ನನ್ನ ಹೆಸರನ್ನು ಮೊದಲ ದಿನವೇ ‘ಬಾಜ್’ ಎಂದು ಕತ್ತರಿಸಿ ಇಟ್ಟ. ಆಗಿನ್ನೂ ಕಾಗದದ ಕಾಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ತೂತಿನ ಅಂಚಿನಿಂದ ಅಂಚಿಗೆ ಅಳೆದು ಪೆನ್ಸಿಲಿನಲ್ಲಿ ಬರೆಯಬೇಕು. ಮುಂದೆ ಮೈಕ್ರೊಫೋನುಗಳು ಬಂದವು. ಗುಂಡು ಹಾದುಹೋಗುವ ಸದ್ದನ್ನು ಕೇಳಿಯೇ ಅದು ಎಲ್ಲಿ ತೂರಿತು ಅಂತ ಪರದೆಯ ಮೇಲೆ ಚುಕ್ಕಿ ಇಡುತ್ತಿದ್ದವು. ಕ್ಲೈವ್ ಮಾತ್ರ ಅವುಗಳ ಹಿಂದೆ ಒಂದು ಕಾಗದವನ್ನೂ ತೂಗುಹಾಕುವುದನ್ನು ಬಿಡಲಿಲ್ಲ.

“ಅದು ಚುಕ್ಕಿ ತೋರಿಸುತ್ತೆ ಬಾಜ್. ಇದು ತೂತು ತೋರಿಸುತ್ತೆ,” ಅನ್ನುತ್ತಿದ್ದ.

ಅವನ ಇನ್ನೊಂದು ನಿಯಮ: ತೋಟಾವನ್ನು ತಟ್ಟೆಯಿಂದ ಒಂದೊಂದೇ ಎತ್ತಿ ನಳಿಕೆಗೆ ಹಾಕಬೇಕು. ನನ್ನ ಕೈಗೆ ಅದು ಬಗ್ಗಲಿಲ್ಲ. ನಾನು ಐದೈದನ್ನು ಮುಷ್ಟಿಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಒಂದೊಂದಾಗಿ ಮುಂದಕ್ಕೆ ತಳ್ಳಿಕೊಳ್ಳುತ್ತಿದ್ದೆ. ಅಜ್ಜನ ಜೊತೆ ಕಟ್ಟೆಯ ಮೇಲೆ ಕೂತು ಹುರಿದ ಶೇಂಗಾ ತಿಂದು ಕಲಿತ ವಿದ್ಯೆ ಅದು. ಕೆಲಸ ಬೇಗ ಸಾಗುತ್ತಿತ್ತು. ಕ್ಲೈವ್ ‘ಮತ್ತೆ ಶೇಂಗಾ!’ ಅಂತ ಬೈಯುತ್ತಲೇ ಇದ್ದ, ನಾನು ಬಿಡಲಿಲ್ಲ. ನನ್ನ ತಪ್ಪು ಹುಟ್ಟಿದ್ದು ಈ ಮುಷ್ಟಿಯಲ್ಲೇ.

ಆ ನಾರ್ವೆಯ ಹೆಣ್ಣುಮಗಳು ಟೊರಿಲ್ ಮೊದಲ ಸಲ ಬಂದಾಗ ಅವಳಿಗೆ ಇಪ್ಪತ್ತು ತುಂಬಿರಲಿಲ್ಲ. ಬಯಾಥ್ಲಾನ್ ಆಡುವವಳು. ಆ ಆಟದಲ್ಲಿ ಬೆನ್ನಿಗೆ ಬಂದೂಕು ಕಟ್ಟಿಕೊಂಡು ಹಿಮದ ಮೇಲೆ ಸ್ಕೀ ಮಾಡುತ್ತ ಬರಬೇಕು, ಏದುಸಿರು ಬಿಡುತ್ತಲೇ ಐದು ಗುರಿ ಹೊಡೆಯಬೇಕು, ಮತ್ತೆ ಹೊರಡಬೇಕು. ಒಂದು ತಪ್ಪಿದರೆ ನೂರೈವತ್ತು ಮೀಟರಿನ ಒಂದು ಸುತ್ತು ದಂಡ. ನಾನು ಧಾರವಾಡದವನು, ಹಿಮ ಕಂಡಿದ್ದೇ ಮೂವತ್ತರ ಮೇಲೆ. ನನಗೆ ಕುತೂಹಲ ತಡೆಯಲಾಗಲಿಲ್ಲ.

“ಅಷ್ಟು ಓಡಿ ಬಂದ ಮೇಲೆ ಎದೆ ಹೊಡ್ಕೊಳ್ತಾ ಇರುತ್ತಲ್ಲ, ಗುರಿ ಹೇಗೆ ಹಿಡೀತೀಯ?”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಹೊರಗೆ ಕಾರ್ ಪಾರ್ಕ್ ಇದೆ. ಮೂರು ಸುತ್ತು ಓಡಿ ಬಾ. ಆಮೇಲೆ ಹೇಳ್ತೀನಿ.”

ಓಡಿದೆ. ಕ್ಲೈವ್ ಕಿಟಕಿಯಲ್ಲಿ ಚಹಾ ಹಿಡಿದು ನಿಂತು ಚಪ್ಪಾಳೆ ತಟ್ಟಿದ. ಒಳಗೆ ಬಂದು ಖಾಲಿ ಬಂದೂಕು ಹೆಗಲಿಗೆ ಏರಿಸಿದರೆ, ದೂರದ ಕಪ್ಪು ಚುಕ್ಕಿ ತೊಟ್ಟಿಲಿನ ಹಾಗೆ ತೂಗುತ್ತಿದೆ. ಹಲ್ಲು ಕಚ್ಚಿ ಬಿಗಿಹಿಡಿದೆ. ಇನ್ನೂ ಜೋರಾಗಿ ತೂಗಿತು.

“ನಿಲ್ಲಿಸೋಕೆ ಹೋಗಬೇಡ,” ಅಂದಳು. “ಅದು ಹೇಗೆ ತೂಗುತ್ತೆ ಅಂತ ನೋಡ್ಕೋ. ಅದರ ಜೊತೆ ಹೋಗು.”

ಮಧ್ಯಾಹ್ನ ನನ್ನ ಡಬ್ಬಿ ತೆಗೆದೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಆ ರೊಟ್ಟಿ ಕಂಡವಳೇ ಎದ್ದು ನಿಂತಳು. ಅವಳ ಚೀಲದಿಂದ ಕಾಗದದಲ್ಲಿ ಸುತ್ತಿದ ಒಂದು ರೊಟ್ಟಿ ಬಂತು. ಅದೂ ತೆಳ್ಳಗೆ, ಅದೂ ಒಣಗಿದ್ದು, ಮುರಿದರೆ ಅದೇ ಸದ್ದು. ಅವರ ಊರಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡು ತಿನ್ನುತ್ತಾರಂತೆ. ಯಾರಿಂದ ಯಾರು ಕಲಿತರೋ! ಅಂದಿನಿಂದ ಪ್ರತಿ ಶರತ್ಕಾಲ ಅವಳು ಲಾಟ್ ಆರಿಸಲು ಬಂದಾಗ, ಒಂದು ಕಟ್ಟು ಅಲ್ಲಿಂದ, ಒಂದು ಕಟ್ಟು ಇಲ್ಲಿಂದ.

ವರ್ಷಗಳು ಹೋದವು. ಟೊರಿಲ್ ಹೆಸರಾದಳು. ತಂಡದ ಓಟದಲ್ಲಿ ವಿಶ್ವ ಚಾಂಪಿಯನ್ ಆದಳು, ಅದೂ ಒಂದಲ್ಲ, ಹಲವು ಸಲ. ಆದರೆ ತಂಡವಿಲ್ಲದೆ ತನಗಾಗಿಯೇ ಓಡುವ ಪಂದ್ಯದ ಚಿನ್ನ ಮಾತ್ರ ಕೈಗೆ ಬಂದಿರಲಿಲ್ಲ. ಒಮ್ಮೆ ಜ್ವರ, ಒಮ್ಮೆ ಗಾಳಿ, ಒಮ್ಮೆ ಅವಳಿಗಿಂತ ಚುರುಕಾದ ಇನ್ನೊಬ್ಬಳು.

ಕೊನೆಯ ವರ್ಷದ ಶರತ್ಕಾಲದಲ್ಲಿ ಬಂದವಳು, ಬಂದೂಕಿನ ಪೆಟ್ಟಿಗೆ ಕೆಳಗಿಡುತ್ತಲೇ ಹೇಳಿದಳು. “ಬಾಜ್, ಈ ಚಳಿಗಾಲ ಮುಗಿದರೆ ನಾನು ಆಟ ಬಿಡ್ತೀನಿ. ಮಂಡಿ ಸಾಕು ಅಂತಿದೆ. ಒಂದೇ ಒಂದು ಓಟ ಉಳಿದಿದೆ. ಒಳ್ಳೆ ಲಾಟ್ ಹುಡುಕಿ ಕೊಡು.”

ಅಷ್ಟರಲ್ಲಿ ನಮ್ಮಲ್ಲಿ ಶೀತಲ ಕೋಣೆ ಬಂದಿತ್ತು. ಬೆಚ್ಚಗಿನ ಬರ್ಮಿಂಗ್‌ಹ್ಯಾಮಿನಲ್ಲಿ ಚೆನ್ನಾಗಿ ಹಾರಿದ ತೋಟಾ ಹಿಮದಲ್ಲೂ ಹಾಗೇ ಹಾರಬೇಕೆಂದಿಲ್ಲ. ಚಳಿಗೆ ಗುಂಡಿನ ಮೇಲಿನ ಮೇಣ ಗಟ್ಟಿಯಾಗುತ್ತದೆ, ಕೆಲವು ಗುಂಡು ಗುರಿಗಿಂತ ಕೆಳಗೆ ಬೀಳುತ್ತವೆ. ಅದಕ್ಕೆ ಬಂದೂಕು, ತೋಟಾ, ನಾನು, ಮೂವರೂ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿನ ಕೋಣೆಯಲ್ಲಿ ಕೂತು, ಗೋಡೆಯ ಕಿಂಡಿಯಿಂದ ಸುರಂಗದೊಳಕ್ಕೆ ಹಾರಿಸುವುದು. ಆ ಕೋಣೆ ಕಂಡರೆ ನನಗೆ ಜೀವ ಹೋಗುತ್ತಿತ್ತು. ನನ್ನ ಗೋಳು ಕೇಳಲಾರದೆ ಗಿರಿಜಾ ಆ ಸಲ ಹುಟ್ಟುಹಬ್ಬಕ್ಕೆ ಬ್ಯಾಟರಿಯಿಂದ ಬಿಸಿಯಾಗುವ ಕೈಗವಸು ತಂದುಕೊಟ್ಟಿದ್ದಳು. ಹಾಕಿಕೊಂಡರೆ ಅಂಗೈಯಲ್ಲಿ ಧಾರವಾಡದ ಬೇಸಿಗೆ. ಟೊರಿಲ್‌ಳ ಹನ್ನೆರಡು ಲಾಟುಗಳನ್ನೂ ಅದೇ ಕೈಗವಸಿನಲ್ಲಿ, ಅದೇ ಮುಷ್ಟಿಯಲ್ಲಿ, ಶೇಂಗಾ ತಿನ್ನುವ ಹಾಗೆ ಒಂದೊಂದಾಗಿ ತಳ್ಳಿ ಹಾರಿಸಿದೆ. ಅವಳು ಹೊರಗೆ ಕ್ಲೈವ್ ಜೊತೆ ಪರದೆ ನೋಡುತ್ತಿದ್ದಳು. ಏಳನೆಯ ಲಾಟ್ ಬಂಗಾರದಂಥದ್ದು. ಅದನ್ನೇ ಕೊಂಡು ಹೋದಳು.

ಜನವರಿ. ಒಂದು ಬೆಳಿಗ್ಗೆ ಕಾರಿನ ಗಾಜಿನ ಮೇಲಿನ ಮಂಜು ಕೆರೆದು ಒಳಗೆ ಬಂದೆ. ಅಡುಗೆಮನೆಯಲ್ಲಿ ಗಿರಿಜಾ ತಲೆಗೆ ಎಣ್ಣೆ ಹಚ್ಚಿಕೊಳ್ಳಲು ನಿಂತಿದ್ದಳು. ಕೊಬ್ಬರಿ ಎಣ್ಣೆಯ ಬಾಟಲಿ ಕಲ್ಲಾಗಿತ್ತು.

“ಏನ್ರೀ, ಇದನ್ನ ಸ್ವಲ್ಪ ಹಿಡ್ಕೋರಿ. ನಾನು ನೀರು ಕಾಸತೇನಿ.”

ಹಿಡಿದುಕೊಂಡೆ. ಕೈಗವಸು ತೆಗೆದಿರಲಿಲ್ಲ. ನೀರು ಕುದಿಯುವ ಮೊದಲೇ ಬಾಟಲಿಯೊಳಗಿನ ಬಿಳಿಗಡ್ಡೆ ಅಂಚಿನಲ್ಲಿ ಕರಗಿ ಜಾರತೊಡಗಿತು.

“ಛಲೋ ಆತು. ತರ್ರಿ ಇಲ್ಲೆ,” ಅಂದಳು.

ನಾನು ಕೊಡಲಿಲ್ಲ. ಬಾಟಲಿಯನ್ನೇ ನೋಡುತ್ತ ನಿಂತಿದ್ದೆ. ಎಣ್ಣೆ ಕರಗಿದರೆ ಮೇಣ ಮೆತ್ತಗಾಗುವುದಿಲ್ಲವೇ?

“ಏನಾತ್ರೀ? ಮಾರಿ ಯಾಕ ಹಿಂಗಾತು?”

“ಗಿರಿಜಾ, ನಾ ಆ ಹುಡುಗಿಗೆ ಬಿಸಿ ತೋಟಾ ಹಾರಿಸಿ ತೋರಿಸೇನಿ,” ಅಂದೆ.

ಆ ದಿನ ಕಾರ್ಖಾನೆಗೆ ಹೋದವನೇ ಶೀತಲ ಕೋಣೆಗೆ ನುಗ್ಗಿದೆ. ನಮ್ಮದೇ ಒಂದು ನಳಿಕೆ, ಏಳನೆಯ ಲಾಟಿನ ಉಳಿದ ಮಾದರಿ. ಹತ್ತನ್ನು ಕೈಗವಸಿನ ಮುಷ್ಟಿಯಿಂದ ಹಾರಿಸಿದೆ. ಅಚ್ಚುಕಟ್ಟಾದ ಒಂದು ಗುಂಪು. ಇನ್ನು ಹತ್ತನ್ನು ಕ್ಲೈವ್ ಹೇಳಿದ ಹಾಗೆ, ತಟ್ಟೆಯಿಂದ ಚಿಮಟದಲ್ಲಿ ಒಂದೊಂದೇ ಎತ್ತಿ ಹಾರಿಸಿದೆ. ಗುಂಪು ಬಿಚ್ಚಿಕೊಂಡಿತು. ಮೂರು ಗುಂಡು ಕೆಳಗೆ ಬಿದ್ದಿದ್ದವು. ಸುಮ್ಮನೆ ಕುತೂಹಲಕ್ಕೆ ನಾಲ್ಕನೆಯ ಲಾಟನ್ನೂ ಹಾರಿಸಿದೆ. ಅದು ಶರತ್ಕಾಲದಲ್ಲಿ ಎರಡನೆಯ ಸ್ಥಾನಕ್ಕೆ ಬಂದಿದ್ದ ಲಾಟ್. ಚಿಮಟದಲ್ಲೂ ಅದು ಕದಲಲಿಲ್ಲ.

ಮೂರೂ ಕಾಗದ ತೆಗೆದುಕೊಂಡು ಕ್ಲೈವ್ ಮುಂದಿಟ್ಟೆ. ಅವನು ಬಹಳ ಹೊತ್ತು ನೋಡಿದ.

“ಶೇಂಗಾ,” ಅಂದ ಕೊನೆಗೆ.

“ಹೌದು.”

“ಎಷ್ಟು ವರ್ಷ ಬೈದೆ ನಿನಗೆ ಮೇಟ್?”

“ಇಪ್ಪತ್ತು.”

“ಇದು ನಮ್ಮ ನಳಿಕೆ. ಅವಳ ನಳಿಕೆಯಲ್ಲಿ ಹಾಗಾಗದೇ ಇರಬಹುದು. ಅವಳು ನೋಡಿ, ಒಪ್ಪಿ, ಸಹಿ ಹಾಕಿ ಹೋಗಿದಾಳೆ.” ಮತ್ತೆ ಕಾಗದ ನೋಡಿದ. “ಓಟಕ್ಕೆ ಎಷ್ಟು ದಿನ?”

“ಒಂದು ತಿಂಗಳಿಲ್ಲ.”

“ಫೋನ್ ಮಾಡು. ನೀನೇ ಮಾಡು. ನಾನು ಮಾಡಿದ್ರೆ ಕಂಪನಿ ಮಾತಾಡಿದ ಹಾಗಿರುತ್ತೆ.”

ಮಾಡಿದೆ. ಏನನ್ನೂ ಮುಚ್ಚಿಡದೆ ಹೇಳಿದೆ, ಕೈಗವಸು, ಮುಷ್ಟಿ, ಕೊಬ್ಬರಿ ಎಣ್ಣೆ ಸಮೇತ. ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

“ತರಬೇತಿಯಲ್ಲಿ ಎರಡು ವಾರದಿಂದ ಗುಂಡು ಕೆಳಗೆ ಬೀಳ್ತಾ ಇದೆ ಬಾಜ್,” ಅಂದಳು. “ನಾನು ಮಂಡಿ ಕಾರಣ ಅಂದ್ಕೊಂಡೆ. ಕೋಚ್ ನಾನು ನಿಲ್ಲೋ ರೀತೀನೇ ಬದಲಾಯಿಸ್ತಿದ್ದಾರೆ. ನಾಲ್ಕನೇ ಲಾಟ್ ಎಷ್ಟಿದೆ?”

ಮಾದರಿಗೆ ಇಟ್ಟುಕೊಂಡದ್ದು ಬಿಟ್ಟರೆ ನಾಲ್ಕನೆಯ ಲಾಟ್ ನಮ್ಮಲ್ಲಿ ಒಂದು ಡಬ್ಬಿಯೂ ಇರಲಿಲ್ಲ. ಕೊನೆಯ ಪೆಟ್ಟಿಗೆಗಳು ಸ್ಟಾಕ್‌ಪೋರ್ಟ್ ಕಡೆಯ ಒಂದು ಹವ್ಯಾಸಿ ಕ್ಲಬ್ಬಿಗೆ ಹೋಗಿದ್ದವು. ಕ್ಲೈವ್ ಲೈಸೆನ್ಸಿನ ಕಾಗದಪತ್ರಗಳನ್ನೆಲ್ಲ ಮಾಡಿಸಿಕೊಟ್ಟ. ಮರುದಿನ ಕಾರ್ಖಾನೆಯ ವ್ಯಾನ್ ತೆಗೆದುಕೊಂಡು ಮೋಟಾರುವೇ ಹಿಡಿದೆ. ಕ್ಲಬ್ಬಿನ ಕಾರ್ಯದರ್ಶಿ ಮೋರೀನ್ ಅಂತ, ಎಪ್ಪತ್ತು ದಾಟಿದ ಹೆಂಗಸು. ಉಣ್ಣೆಯ ಟೊಪ್ಪಿಗೆ, ದಪ್ಪ ಕನ್ನಡಕ. ತಿಜೋರಿಯ ಬೀಗದ ಕೈ ಕೊರಳಲ್ಲಿ.

“ಮಾರಿದ್ದನ್ನ ವಾಪಸ್ ಕೇಳೋಕೆ ಇಷ್ಟು ದೂರ ಬಂದ್ಯಾ? ಏನಾಗಿದೆ ಅದಕ್ಕೆ?”

“ಏನೂ ಆಗಿಲ್ಲ. ತುಂಬಾ ಚೆನ್ನಾಗಿದೆ. ಅದಕ್ಕೇ.”

ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಹೋದ ತಿಂಗಳು ನಮ್ಮ ಮುದುಕರೆಲ್ಲ ಎಂದೂ ಇಲ್ಲದಷ್ಟು ಅಂಕ ಹೊಡೆದ್ರು. ಕೇಕ್ ತರಿಸಿದ್ವಿ ಕಣಪ್ಪಾ! ಅದು ನಮ್ಮದಲ್ಲ, ನಿನ್ನ ಲಾಟಿಂದು ಅಂತೀಯಾ?”

“ಎರಡೂ ಸೇರಿರಬೇಕು,” ಅಂದೆ.

“ಯಾವುದು ಎಷ್ಟು ಅಂತ ತಿಳಿಯೋದು ಹೇಗೆ?”

“ಅದೇ ನೋಡಿ, ಅದು ಗೊತ್ತಾಗಲ್ಲ.”

ಮೋರೀನ್ ನಕ್ಕು ತಿಜೋರಿ ತೆಗೆದರು. ಎರಡು ಡಬ್ಬಿ ಮಾತ್ರ ತಮಗೆ ಇಟ್ಟುಕೊಂಡರು. ಈ ತಿಂಗಳೂ ಕೇಕ್ ತಿನ್ನಬೇಕಂತೆ.

ಟೊರಿಲ್ ಒಂದು ದಿನದ ಮಟ್ಟಿಗೆ ಹಾರಿ ಬಂದಳು. ರೊಟ್ಟಿ ತಂದಿರಲಿಲ್ಲ, ಹೆಚ್ಚು ಮಾತೂ ಇಲ್ಲ. ಶೀತಲ ಕೋಣೆಯಲ್ಲಿ ನಾನು ಕೈಗವಸಿಲ್ಲದೆ ಚಿಮಟ ಹಿಡಿದೆ. ಅವಳ ನಳಿಕೆಯಲ್ಲೂ ಏಳನೆಯದು ಬಿಚ್ಚಿಕೊಂಡಿತು, ನಾಲ್ಕನೆಯದು ನಿಂತಿತು. ಪೆಟ್ಟಿಗೆ ತೆಗೆದುಕೊಂಡು, ನನ್ನ ಕೆಂಪಾದ ಬೆರಳುಗಳನ್ನು ಒಮ್ಮೆ ನೋಡಿ ಹೋದಳು. ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ.

ಓಟವನ್ನು ಗಿರಿಜಾ, ನಾನು ಮನೆಯಲ್ಲಿ ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಮೂರು ಸಲ ಬಂದು ಹೊಡೆದಳು, ಹದಿನೈದಕ್ಕೆ ಹದಿನೈದು. ಕೊನೆಯ ಸಲ ಎಲ್ಲರಿಗಿಂತ ಮುಂದೆ ಬಂದು ನಿಂತಳು. ಒಂದು ಗುರಿ ಬಿತ್ತು. ಎರಡು. ಮೂರು. ನಾಲ್ಕು. ಗಿರಿಜಾ ನನ್ನ ಮೊಣಕೈ ಹಿಡಿದಿದ್ದಳು.

ಐದನೆಯದು ಬೀಳಲಿಲ್ಲ.

ದಂಡದ ಸುತ್ತು ಹಾಕಿ ಹೊರಡುವಷ್ಟರಲ್ಲಿ ಇನ್ನೊಬ್ಬಳು ದಾಟಿಹೋಗಿದ್ದಳು. ಟೊರಿಲ್‌ಗೆ ಬೆಳ್ಳಿ. ಆಮೇಲೆ ತಪ್ಪಿದ ಗುಂಡು ಎಲ್ಲಿ ಹೋಯಿತೆಂದು ತೋರಿಸಿದರು. ಗುರಿಯ ಕೆಳ ಅಂಚಿಗಿಂತ ಒಂದು ಕೂದಲೆಳೆ ಕೆಳಗೆ. ಚಳಿಗೆ ಮೇಣ ಗಟ್ಟಿಯಾದ ಗುಂಡು ಬೀಳುವುದು ಅಲ್ಲಿಯೇ. ಲ್ಯಾಪ್‌ಟಾಪ್ ಮುಚ್ಚಿದೆ.

“ನಿಮ್ಮದ ತಪ್ಪು ಅಂತ ಯಾಕ ಅನಕೋತೀರಿ?” ಅಂದಳು ಗಿರಿಜಾ.

“ಅಲ್ಲ ಅಂತ ಹೆಂಗ ಅನಕೋಳ್ಲಿ?”

ಸಂಜೆ ಟೊರಿಲ್‌ಳದೇ ಫೋನ್ ಬಂತು. ಹಿಂದೆ ಗದ್ದಲ, ಹಾಡು. ನಾನು ಬಾಯಿ ತೆಗೆಯುವ ಮೊದಲೇ ಅಂದಳು:

“ನಾಲ್ಕು ನಿನ್ನವು ಬಾಜ್, ಒಂದು ನನ್ನದು. ಅದನ್ನ ನೀನು ತಗೋಬೇಡ.”

ಅಷ್ಟೇ. ಇಟ್ಟುಬಿಟ್ಟಳು. ಒಳ್ಳೆಯ ಮಾತು. ಆದರೆ ಇಪ್ಪತ್ತು ವರ್ಷ ಪರೀಕ್ಷೆ ಮಾಡಿದವನಿಗೆ ಮಾತು ಸಾಕಾಗುವುದಿಲ್ಲ. ತಿಂಗಳುಗಟ್ಟಲೆ ಆ ಐದನೆಯ ಗುಂಡು ನನ್ನ ತಲೆಯಲ್ಲಿ ಕೆಳಗೆ ಬೀಳುತ್ತಲೇ ಇತ್ತು.

ಬೇಸಿಗೆಯಲ್ಲಿ ಹೇಳದೆ ಕೇಳದೆ ಬಂದಳು. ಆಟ ಬಿಟ್ಟಾಗಿತ್ತು. ಆದರೂ ಬಂದೂಕಿನ ಪೆಟ್ಟಿಗೆ ಕೈಯಲ್ಲಿತ್ತು. ಜೊತೆಗೆ ಆ ದಿನದ ಓಟಕ್ಕೆ ಒಯ್ದು ಉಳಿದ ಡಬ್ಬಿ, ನಲವತ್ತು ತೋಟಾ.

“ಹಾರಿಸೋಣ,” ಅಂದಳು.

ಬಂದೂಕು, ತೋಟಾ ಎಲ್ಲ ಕೋಣೆಯಲ್ಲಿ ಅರ್ಧ ದಿನ ತಣ್ಣಗಾದವು. ಕ್ಲೈವ್ ಆ ತುದಿಗೆ ಹೋಗಿ ತಾನೇ ಕಾಗದ ತೂಗುಹಾಕಿ ಬಂದ. ಚಿಮಟ ನನ್ನ ಕೈಯಿಂದ ಅವಳೇ ತೆಗೆದುಕೊಂಡಳು. ತಟ್ಟೆಯಿಂದ ಒಂದು, ಮತ್ತೊಂದು, ಮತ್ತೊಂದು. ನಾನು ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಹಲ್ಲು ಕಟಕಟಿಸುತ್ತ ಪಕ್ಕದಲ್ಲಿ ನಿಂತಿದ್ದೆ. ನಲವತ್ತೂ ಹಾರಿದವು. ಪರದೆ ಏನು ತೋರಿಸಿತೆಂದು ನಾವಿಬ್ಬರೂ ನೋಡಲಿಲ್ಲ. ಸುರಂಗದ ಉದ್ದಕ್ಕೂ ನಡೆದುಹೋಗಿ ಕಾಗದ ಬಿಚ್ಚಿದೆವು. ಹತ್ತು ಹತ್ತರ ನಾಲ್ಕು ತೂತು. ಯಾವುದರ ಮೇಲಿಟ್ಟರೂ ಐದು ಪೆನ್ಸಿನ ನಾಣ್ಯಕ್ಕೆ ಮುಚ್ಚಿಹೋಗುವಂಥವು. ನಲವತ್ತರಲ್ಲಿ ಒಂದೂ ಕೆಳಗೆ ಬಿದ್ದಿರಲಿಲ್ಲ.

“ಹಾಗಾದ್ರೆ ನನ್ನದೇ,” ಅಂದಳು. ಉಸಿರು ಬಿಟ್ಟಳು.

“ಅವತ್ತೇ ಫೋನಲ್ಲಿ ಹೇಳಿದ್ಯಲ್ಲ?”

“ಅವತ್ತು ಗೊತ್ತಿರಲಿಲ್ಲ. ಸುಮ್ಮನೆ ಹೇಳಿದ್ದು.”

“ಯಾಕೆ?”

“ನೀನು ನಿದ್ದೆ ಮಾಡ್ಲಿ ಅಂತ.” ನನ್ನ ಮುಖ ನೋಡಿದಳು. “ಮಾಡಲಿಲ್ಲ, ಅಲ್ವಾ? ನಾನೂ ಮಾಡಲಿಲ್ಲ. ತೋಟಾದ್ದೋ ನನ್ನದೋ ಗೊತ್ತಾಗದೆ ಒದ್ದಾಡಿದೆ. ನನ್ನದಾದ್ರೆ ಯಾಕೆ ಅಂತ ನನಗೆ ಗೊತ್ತು.”

“ಯಾಕೆ?”

“ನಾಲ್ಕು ಗುರಿ ಬಿದ್ದ ಮೇಲೆ, ಐದನೇದಕ್ಕೆ, ತೂಗೋದನ್ನ ನಿಲ್ಲಿಸೋಕೆ ಹೋದೆ.”

ಹೇಳಿ ನಕ್ಕುಬಿಟ್ಟಳು. ಕಾರ್ ಪಾರ್ಕಿನಲ್ಲಿ ನನ್ನನ್ನು ಓಡಿಸಿದ ಹುಡುಗಿಯ ನಗು ಅದು. ಕಾಗದವನ್ನು ಎರಡೂ ಕೈಯಲ್ಲಿ ದೀಪಕ್ಕೆ ಹಿಡಿದು, ಒಂದು ತೂತಿಗೆ ಕಣ್ಣಿಟ್ಟು ಅದರೊಳಗಿಂದ ನನ್ನನ್ನೇ ನೋಡಿದಳು.

“ಬಾಜ್,” ಅಂದಳು ಆ ಕಡೆಯಿಂದ, “ರೊಟ್ಟಿ ತಂದಿದೀಯಾ?”